ಹಗ್ಗ ಎಳೆದ ಹುಡುಗ ಮತ್ತು ಹಬೀಬ್ ತನ್ವೀರ್

ಕಳೆದ ಆಗಸ್ಟ್ ತಿಂಗಳ ಒಂದು ಸಂಜೆ. ಜೋರು ಮಳೆ. ನನ್ನ ತಂಗಿಯ ಮಗಳು ನೆನೆದ ಕೊಡೆಯನ್ನು ಜಗಲಿಯ ಮೂಲೆಯಲ್ಲಿ ಬಿಡಿಸಿಟ್ಟು, ಒಳಗೆ ಬಾರದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಂದ ಕೂಡಲೇ ಅಡುಗೆಮನೆಗೆ ನುಗ್ಗಿ ಮಾಮಿಯ ಹತ್ತಿರ ಚಹಾ ಕೇಳುವ ಹುಡುಗಿ ಅವಳು. ಏನೋ ಆಗಿದೆ ಎಂದು ನನಗೆ ಗೊತ್ತಾಯಿತು. ಕೇಳಿದ್ದಕ್ಕೆ ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅವಳು ಮಾಡಿಸಿದ ನಾಟಕವನ್ನು ಸ್ಪರ್ಧೆಯೊಂದರಲ್ಲಿ ನೋಡಿದ ತೀರ್ಪುಗಾರರು ಬರೆದುಕೊಟ್ಟ ಅಭಿಪ್ರಾಯ ಅದು. ವಸ್ತು ಚೆನ್ನಾಗಿದೆ, ನಟಿಯರಲ್ಲಿ ಉತ್ಸಾಹವಿದೆ, ಹಾಡುಗಳು ಹಿತವಾಗಿವೆ ಎಂದೆಲ್ಲ ಇತ್ತು. ಕೊನೆಯ ಸಾಲಿನಲ್ಲಿ ಎರಡೇ ಪದ. "ಭಾಷೆ ಶುದ್ಧವಿಲ್ಲ."

"ಮಾಮ, ಇನ್ನೊಂದು ಸಲ ಮಾಡುವಾಗ ಒಳ್ಳೆಯ ಕನ್ನಡದಲ್ಲೇ ಮಾಡುತ್ತೇನೆ. ನೀವು ಮಾಷ್ಟ್ರಲ್ವಾ, ಮಾತುಗಳನ್ನು ಸ್ವಲ್ಪ ತಿದ್ದಿಕೊಡಿ" ಎಂದಳು.

ಅವಳ ನಾಟಕದಲ್ಲಿರುವುದು ಆರು ಮಂದಿ ಹೆಂಗಸರು. ಆರೂ ಮಂದಿ ಅವಳ ನೆರೆಕರೆಯಲ್ಲಿ ಬೀಡಿ ಕಟ್ಟುವವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸುತ್ತಾ, ನೂಲು ಸುತ್ತುತ್ತಾ, ವಾರದ ಕೊನೆಗೆ ಬ್ರಾಂಚಿಗೆ ಹೋಗಿ ಲೆಕ್ಕ ಒಪ್ಪಿಸುವ ತಮ್ಮದೇ ಕಥೆಯನ್ನು ಅವರು ಹೇಳುತ್ತಾರೆ. ಅವರಾಡುವ ಕನ್ನಡದಲ್ಲಿ ಅರ್ಧ ಬ್ಯಾರಿ, ನಡುನಡುವೆ ತುಳು. ಅವರು ಮನೆಯಲ್ಲಿ ಆಡುವುದೇ ಹಾಗೆ. ಅದನ್ನು ತಿದ್ದಿಕೊಡಬೇಕಂತೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಅದೇನೂ ದೊಡ್ಡ ಕೆಲಸವಲ್ಲ. ಕೆಂಪು ಶಾಯಿಯ ಪೆನ್ನು ಈಗಲೂ ಮೇಜಿನ ಮೇಲೆಯೇ ಇದೆ. ಆದರೆ ಕೈ ಮುಂದೆ ಹೋಗಲಿಲ್ಲ. ಯಾಕೆಂದರೆ ಆ ಎರಡು ಪದಗಳನ್ನು ಒಂದು ಕಾಲದಲ್ಲಿ ನಾನೇ ಹೇಳಿದ್ದೆ. ಹೇಳಿದ್ದು ಹದಿಮೂರು ವರ್ಷದ ಒಬ್ಬ ಹುಡುಗನಿಗೆ.

ಅದು 1996ರ ಮಾತು. ತಾಲೂಕು ಮಟ್ಟದ ನಾಟಕ ಸ್ಪರ್ಧೆಗೆ ನಮ್ಮ ಶಾಲೆಯಿಂದ ಒಂದು ಸಣ್ಣ ನಾಟಕ ತಯಾರು ಮಾಡಿದ್ದೆ. ಅದರಲ್ಲೊಬ್ಬ ಮೀನು ಮಾರುವವನ ಪಾತ್ರ. ಊರಿನ ಒಡೆಯನಿಗೆ ಎದುರು ನಿಂತು ಮಾತನಾಡುವುದು ಅವನೊಬ್ಬನೇ. ಎಂಟನೇ ತರಗತಿಯಲ್ಲಿ ಒಬ್ಬ ಬ್ಯಾರಿ ಹುಡುಗನಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಉಪ್ಪನ ಸೈಕಲಿನ ಹಿಂದೆ ಕೂತು, ಮನೆಮನೆಗೆ ಮೀನು ಕೊಟ್ಟು, ಆಮೇಲೆ ಶಾಲೆಗೆ ಬರುವವನು. ಅವನಿಗಿಂತ ಚೆನ್ನಾಗಿ ಈ ಪಾತ್ರ ಮಾಡುವವರು ಯಾರು? ಮೊದಲ ದಿನ ಅವನು ತಲೆ ಮೇಲೆ ಬುಟ್ಟಿ ಹೊತ್ತು ಕೂಗುತ್ತಾ ಬಂದಾಗ ಉಳಿದ ಮಕ್ಕಳು ತಾಲೀಮು ಮರೆತು ಚಪ್ಪಾಳೆ ತಟ್ಟಿದ್ದರು.

ಆದರೆ ನಾನು ಬರೆದ ಮಾತು ಹೀಗಿತ್ತು: "ಒಡೆಯರೇ, ನಿಮ್ಮ ಅನ್ಯಾಯವನ್ನು ನಾವಿನ್ನು ಸಹಿಸಲಾರೆವು." ಅವನ ಬಾಯಲ್ಲಿ ಅದು "ಸಯಿಸಲಾರೆವು" ಆಗುತ್ತಿತ್ತು. ಹತ್ತು ಸಲ ಹೇಳಿಸಿದೆ, ಇಪ್ಪತ್ತು ಸಲ ಹೇಳಿಸಿದೆ. ಹೇಳಿಸಿದಷ್ಟೂ ಅವನ ಕೈಕಾಲು ಮರಗಟ್ಟುತ್ತಾ ಹೋಯಿತು. ಬುಟ್ಟಿ ಹೊತ್ತು ಕುಣಿದು ಬಂದ ಹುಡುಗ, ಪರೀಕ್ಷೆಗೆ ನಿಂತವನಂತೆ ನಿಂತುಬಿಟ್ಟ. ನಾಲ್ಕನೇ ದಿನ ನಾನು ಎಲ್ಲರೆದುರು "ನಿನ್ನ ಭಾಷೆ ಶುದ್ಧವಿಲ್ಲ ಮಾರಾಯ" ಎಂದು ಹೇಳಿ, ಪಾತ್ರವನ್ನು ಪೋಸ್ಟ್‌ಮಾಸ್ಟರರ ಮಗನಿಗೆ ಕೊಟ್ಟೆ. ಇವನಿಗೆ ಪರದೆಯ ಹಗ್ಗ ಎಳೆಯುವ ಕೆಲಸ ಕೊಟ್ಟೆ. ನಮಗೆ ಪ್ರಥಮ ಬಹುಮಾನ ಬಂತು. ಆ ಶೀಲ್ಡು ಈಗಲೂ ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಕಪಾಟಿನಲ್ಲಿದೆ. ಬ್ಯಾರಿ ಮನೆಯಲ್ಲಿ ಹುಟ್ಟಿ ಬೆಳೆದ ನಾನೇ ಹೀಗೆ ಮಾಡಿದೆನಲ್ಲ ಎಂಬ ಯೋಚನೆ ಆಗ ನನಗೆ ಬರಲಿಲ್ಲ. ಶುದ್ಧ ಕನ್ನಡ ಮಾತನಾಡಿ ನೌಕರಿ ಹಿಡಿದವನಿಗೆ ಅಂಥ ಯೋಚನೆ ಸುಲಭಕ್ಕೆ ಬರುವುದೂ ಇಲ್ಲ.

ಆ ಯೋಚನೆ ಬಂದದ್ದು ಎಂಟು ವರ್ಷಗಳ ನಂತರ, ದೂರದ ಭೋಪಾಲದಲ್ಲಿ.

2004ರ ಚಳಿಗಾಲ. ನನ್ನ ಹೆಂಡತಿಯ ತಂದೆಗೆ ಭೋಪಾಲದ ಇಜ್ತಿಮಾಕ್ಕೆ ಹೋಗಬೇಕೆಂಬ ಆಸೆ. ಪ್ರತಿ ವರ್ಷ ಅಲ್ಲಿ ತಬ್ಲೀಗಿನವರ ದೊಡ್ಡ ಸಮ್ಮೇಳನ ನಡೆಯುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ವಯಸ್ಸಾದವರನ್ನು ಒಬ್ಬರನ್ನೇ ರೈಲು ಹತ್ತಿಸುವುದು ಹೇಗೆ? ಜೊತೆಗೆ ನಾನು ಹೊರಟೆ. ಇಜ್ತಿಮಾ ಮುಗಿದ ಮೇಲೆ ವಾಪಸು ಹೊರಡುವ ರೈಲಿಗೆ ಇನ್ನೂ ಎರಡು ದಿನವಿತ್ತು. ಮಾವ ಮಸೀದಿಯೊಂದರಲ್ಲಿ ಮಗ್ರಿಬ್ ನಂತರದ ತಾಲೀಮಿಗೆ ಕೂತರು. ನಾನು ಹಬೀಬ್ ತನ್ವೀರರ ನಾಟಕವಿದೆ ಎಂಬ ಪೋಸ್ಟರ್ ನೋಡಿ ಮೆಲ್ಲನೆ ಜಾರಿಕೊಂಡೆ. ಈಗ ನೆನೆದರೆ ನಗು ಬರುತ್ತದೆ. ಅವರೂ ತಾಲೀಮಿಗೆ ಹೋದರು, ನಾನೂ ಒಂದು ಬಗೆಯ ತಾಲೀಮಿಗೇ ಹೋದೆ. ಕಲಿಸುವುದು ಎಂಬ ಅರ್ಥದ ಆ ಅರಬ್ಬಿ ಪದವನ್ನು ಮಸೀದಿಯವರೂ ಇಟ್ಟುಕೊಂಡಿದ್ದಾರೆ, ನಮ್ಮ ಕನ್ನಡ ರಂಗಭೂಮಿಯವರೂ ಇಟ್ಟುಕೊಂಡಿದ್ದಾರೆ!

ನಾಟಕ 'ಚರಣದಾಸ್ ಚೋರ್'. ವಿಜಯದಾನ್ ದೇಥಾ ಅವರು ಹೇಳಿದ ರಾಜಸ್ಥಾನದ ಜನಪದ ಕಥೆಯೊಂದನ್ನು ಆಧರಿಸಿದ್ದು. ಚರಣದಾಸ ಒಬ್ಬ ಕಳ್ಳ. ಗುರುವಿನ ಮುಂದೆ ತಮಾಷೆಗೆ ನಾಲ್ಕು ಪ್ರತಿಜ್ಞೆ ಮಾಡುತ್ತಾನೆ. ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆಯ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜ್ಯ ಕೊಟ್ಟರೂ ಆಳುವುದಿಲ್ಲ. ಬಡ ಕಳ್ಳನಿಗೆ ಇವೆಲ್ಲ ಯಾರು ಕೊಡುತ್ತಾರೆ ಎಂಬ ಧೈರ್ಯ ಅವನದು. ಗುರು ಐದನೆಯದೊಂದನ್ನು ಸೇರಿಸುತ್ತಾನೆ: ಸುಳ್ಳು ಹೇಳಬಾರದು. ಮುಂದೆ ಒಂದೊಂದಾಗಿ ಎಲ್ಲವೂ ಅವನ ಬಾಗಿಲಿಗೆ ಬರುತ್ತವೆ. ಅವನು ಒಂದನ್ನೂ ಒಪ್ಪುವುದಿಲ್ಲ. ಕೊನೆಗೆ ರಾಣಿ, ತನ್ನನ್ನು ನಿರಾಕರಿಸಿದ್ದನ್ನು ಯಾರಿಗೂ ಹೇಳಬೇಡ ಎಂದಷ್ಟೇ ಬೇಡಿಕೊಳ್ಳುತ್ತಾಳೆ. ಅದಕ್ಕೂ ಅವನು ಒಪ್ಪಲಾರ. ಪ್ರಾಣ ಬಿಡುತ್ತಾನೆ. ಕಳ್ಳ ಸತ್ಯಕ್ಕಾಗಿ ಸಾಯುತ್ತಾನೆ, ಮರ್ಯಾದಸ್ಥರೆಲ್ಲ ಸುಳ್ಳು ಹೇಳಿಕೊಂಡು ಸುಖವಾಗಿರುತ್ತಾರೆ.

ನಟರು ಆಡುತ್ತಿದ್ದದ್ದು ಛತ್ತೀಸಗಢಿಯಲ್ಲಿ. ನನ್ನ ಹರಕು ಹಿಂದಿಗೆ ಅರ್ಧಕ್ಕರ್ಧ ಮಾತು ಸಿಗಲಿಲ್ಲ. ಆದರೂ ಒಂದು ಕ್ಷಣವೂ ಕಥೆ ಕೈತಪ್ಪಲಿಲ್ಲ. ವೇದಿಕೆಯ ಮೇಲೆ ಓಡಾಡುತ್ತಿದ್ದವರು ಹೊಲದಿಂದ ಈಗಷ್ಟೇ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಯಾರೂ ಯಾರ ಭಾಷೆಯನ್ನೂ ತಿದ್ದಿದಂತಿರಲಿಲ್ಲ. ನಾಟಕ ಮುಗಿದ ಮೇಲೆ ಟೋಪಿ ಹಾಕಿದ ವೃದ್ಧರೊಬ್ಬರು ಕೈಯಲ್ಲಿ ಪೈಪು ಹಿಡಿದು ನಟರ ಸಾಲಿನ ಕೊನೆಗೆ ಬಂದು ನಿಂತರು. ಚಪ್ಪಾಳೆ ಜೋರಾಯಿತು. ಆಗ ನನಗೆ ನಮ್ಮ ಶಾಲೆಯ ಹಗ್ಗ ಎಳೆದ ಹುಡುಗ ನೆನಪಾದ.

ರಾತ್ರಿ ತಂಗಿದ್ದ ಕೋಣೆಗೆ ಬಂದಾಗ ಮಾವ ಎಚ್ಚರವಾಗಿಯೇ ಇದ್ದರು. "ಎಲ್ಲಿಗೆ ಹೋಗಿದ್ದೆ?" ಎಂದರು. ಪೇಟೆಗೆ ಎಂದು ಹೇಳಬಹುದಿತ್ತು. ಆದರೆ ಸುಳ್ಳು ಹೇಳಲಾರದೆ ಸತ್ತವನ ಕಥೆಯನ್ನು ನೋಡಿ ಒಂದು ಗಂಟೆಯೂ ಆಗಿರಲಿಲ್ಲ. "ನಾಟಕಕ್ಕೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಗುಳಕ್ಕೆ ಕಾಯುತ್ತಿದ್ದೆ. "ಕಥೆ ಎಂತದು?" ಎಂದು ಕೇಳಿದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇದು ನಮ್ಮ ಶೇಖ್ ಜೀಲಾನಿಯವರ ಬಾಲ್ಯದ ಕಥೆಯ ಹಾಗೆಯೇ ಉಂಟಲ್ಲ ಮಾರಾಯ" ಎಂದರು. ಮದ್ರಸಾದಲ್ಲಿ ಓದಿದವರಿಗೆಲ್ಲ ಗೊತ್ತಿರುವ ಕಥೆ ಅದು. ಉಮ್ಮ ಅಂಗಿಯೊಳಗೆ ನಲವತ್ತು ಚಿನ್ನದ ನಾಣ್ಯ ಹೊಲಿದು, ಸುಳ್ಳು ಹೇಳಬೇಡ ಮಗನೇ ಎಂದು ಕಳಿಸಿರುತ್ತಾರೆ. ದಾರಿಯಲ್ಲಿ ದರೋಡೆಕೋರರು ಕೇಳಿದಾಗ ಹುಡುಗ ಇದೆ ಎಂದೇ ಹೇಳಿಬಿಡುತ್ತಾನೆ. ಅಲ್ಲಿ ದರೋಡೆಕೋರರು ಬದಲಾಗುತ್ತಾರೆ. ಇಲ್ಲಿ ಕಳ್ಳನೇ ಬದಲಾಗುತ್ತಾನೆ, ಅರಮನೆ ಬದಲಾಗುವುದಿಲ್ಲ. ಮಾವ ನಾಟಕ ನೋಡಿದವರಲ್ಲ. ಆದರೆ ಆ ರಾತ್ರಿ ನನಗಿಂತ ಚೆನ್ನಾಗಿ ನಾಟಕ ಅರ್ಥವಾದದ್ದು ಅವರಿಗೇ ಇರಬೇಕು.

ಊರಿಗೆ ಬಂದ ಮೇಲೆ ಹಬೀಬರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಗೆ ನಾನು ಹೇಳಿದ್ದು ಆ ಕಥೆಯನ್ನೇ.

ಹಬೀಬ್ ಹುಟ್ಟಿದ್ದು 1923ರಲ್ಲಿ, ರಾಯಪುರದಲ್ಲಿ. ತಂದೆ ಪೇಶಾವರದ ಕಡೆಯಿಂದ ಬಂದವರು, ಧಾರ್ಮಿಕ ಶ್ರದ್ಧೆಯ ಮನುಷ್ಯ. ಮಗ ನಾಗಪುರದಲ್ಲಿ ಓದಿ, 1945ರಲ್ಲಿ ಮುಂಬಯಿಗೆ ಹೋಗಿ, ರೇಡಿಯೊ, ಪತ್ರಿಕೆ, ಸಿನಿಮಾ, ಇಪ್ಟಾ ಎಂದು ಅಲೆದ. ತನ್ವೀರ್ ಎಂಬುದು ಕವಿತೆ ಬರೆಯಲು ಇಟ್ಟುಕೊಂಡ ಹೆಸರು. ನಿರ್ದೇಶಕನಾಗಿ ಆತ ಮೊದಲು ಗಮನ ಸೆಳೆದದ್ದು 1954ರಲ್ಲಿ, ದೆಹಲಿಯಲ್ಲಿ, 'ಆಗ್ರಾ ಬಜಾರ್' ಎಂಬ ನಾಟಕದಿಂದ. ಜನರ ಕವಿ ನಜೀರ್ ಅಕ್ಬರಾಬಾದಿಯ ಕುರಿತಾದ ನಾಟಕ. ಆದರೆ ನಜೀರ್ ವೇದಿಕೆಯ ಮೇಲೆ ಒಮ್ಮೆಯೂ ಬರುವುದಿಲ್ಲ! ಸೌತೆಕಾಯಿ ಮಾರುವವನು ವ್ಯಾಪಾರವಾಗದೆ ಕಂಗಾಲಾಗಿ ಕವಿಯಿಂದ ಒಂದು ಹಾಡು ಬರೆಸಿಕೊಂಡು ಬರುತ್ತಾನೆ, ಅಷ್ಟೆ. ಪಂಡಿತರು ಕವಿಯೆಂದು ಒಪ್ಪದವನನ್ನು ಸಂತೆ ಒಪ್ಪಿಕೊಳ್ಳುತ್ತದೆ. ಆಡಿದವರು ಜಾಮಿಯಾ ಮಿಲ್ಲಿಯಾದ ವಿದ್ಯಾರ್ಥಿಗಳು ಮತ್ತು ಪಕ್ಕದ ಓಖ್ಲಾ ಹಳ್ಳಿಯ ಜನ. ಆಗ ಹಬೀಬರ ವಯಸ್ಸು ಮೂವತ್ತು.

ಇಲ್ಲಿಗೇ ಕಥೆ ಮುಗಿದಿದ್ದರೆ ಉದಯೋನ್ಮುಖ ನಿರ್ದೇಶಕನೊಬ್ಬ ಗೆದ್ದ ಎಂದು ಬರೆದು ಬಿಡಬಹುದಿತ್ತು. ಆದರೆ ಮುಂದಿನ ಭಾಗವೇ ಮುಖ್ಯ. 1955ರಲ್ಲಿ ಹಬೀಬ್ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ರಾಡಾ ಎಂಬ ಪ್ರಸಿದ್ಧ ನಟನಾ ಶಾಲೆ ಸೇರಿದರು, ಅದು ಹಿಡಿಸದೆ ಬಿಟ್ಟು ಬ್ರಿಸ್ಟಲ್‌ಗೆ ಹೋದರು. ಬ್ರೆಕ್ಟ್‌ನನ್ನು ಕಾಣಬೇಕೆಂದು 1956ರಲ್ಲಿ ಬರ್ಲಿನ್ ತಲುಪುವಷ್ಟರಲ್ಲಿ ಬ್ರೆಕ್ಟ್ ತೀರಿಕೊಂಡಿದ್ದ. ಅವನ ನಾಟಕಗಳನ್ನು ನೋಡುತ್ತಾ ಅಲ್ಲಿ ತಿಂಗಳುಗಟ್ಟಲೆ ಇದ್ದರು. 1958ರಲ್ಲಿ ಮರಳಿ ರಾಯಪುರಕ್ಕೆ ಬಂದಾಗ ತಾನು ಓದಿದ ಶಾಲೆಯ ಮೈದಾನದಲ್ಲಿ ರಾತ್ರಿಯಿಡೀ ನಾಚಾ ನೋಡಿದರು. ನಾಚಾ ಎಂದರೆ ನಮ್ಮ ಬಯಲಾಟದ ಹಾಗೆ ಬೆಳಗಿನವರೆಗೆ ನಡೆಯುವ, ಹಾಡು ಕುಣಿತ ಹಾಸ್ಯ ಪ್ರಸಂಗಗಳ ಹಳ್ಳಿಯ ಆಟ. ಯುರೋಪು ಸುತ್ತಿ ಬಂದವರಿಗೆ ತಾವು ಹುಡುಕುತ್ತಿದ್ದದ್ದು ಮನೆಯ ಹಿತ್ತಲಲ್ಲೇ ಕಂಡಿತು. ಅಲ್ಲಿಂದ ಆರು ಮಂದಿ ನಟರನ್ನು ದೆಹಲಿಗೆ ಕರೆದುಕೊಂಡು ಹೋಗಿ ಶೂದ್ರಕನ 'ಮೃಚ್ಛಕಟಿಕ'ವನ್ನು 'ಮಿಟ್ಟಿ ಕೀ ಗಾಡಿ' ಎಂದು ಆಡಿಸಿದರು. ಮರುವರ್ಷ ಮೋನಿಕಾ ಮಿಶ್ರಾ ಅವರೊಂದಿಗೆ ಸೇರಿ 'ನಯಾ ಥಿಯೇಟರ್' ಕಟ್ಟಿದರು.

ಕರೆದುಕೊಂಡು ಹೋದದ್ದೇನೋ ಸರಿ. ಆದರೆ ಹಳ್ಳಿಯಲ್ಲಿ ಸಾವಿರಾರು ಜನರನ್ನು ಬೆಳಗಿನವರೆಗೆ ಹಿಡಿದಿಡುತ್ತಿದ್ದ ಅದೇ ನಟರು ದೆಹಲಿಯ ವೇದಿಕೆಯ ಮೇಲೆ ಕುಗ್ಗಿಹೋಗುತ್ತಿದ್ದರು. ಯಾಕೆ ಎಂದು ತಿಳಿಯಲು ಹಬೀಬರಿಗೆ ಸುಮಾರು ಹದಿನೈದು ವರ್ಷ ಬೇಕಾಯಿತು. ತಿಳಿದ ಮೇಲೆ ಅದನ್ನವರು ಮುಚ್ಚಿಡಲಿಲ್ಲ, ಬರೆದೂ ಹೇಳಿಯೂ ಒಪ್ಪಿಕೊಂಡರು. ತಪ್ಪುಗಳು ಎರಡು. ಒಂದು, ಇಷ್ಟು ಹೆಜ್ಜೆ ಬಲಕ್ಕೆ, ಇಷ್ಟು ಎಡಕ್ಕೆ, ಈ ಮಾತಿಗೆ ಇಲ್ಲಿ ನಿಲ್ಲು ಎಂದು ಇಂಗ್ಲೆಂಡಿನಲ್ಲಿ ಕಲಿತದ್ದನ್ನು ಅವರ ಮೇಲೆ ಹೇರಿದ್ದು. ನಾಲ್ಕೂ ಕಡೆ ಪ್ರೇಕ್ಷಕರನ್ನು ಕೂರಿಸಿಕೊಂಡು ಆಡಿದವರಿಗೆ ವೇದಿಕೆಯ ಎಡ ಯಾವುದು, ಬಲ ಯಾವುದು? ಎರಡನೆಯದು, ಅವರ ಮಾತನ್ನು ಕಿತ್ತುಕೊಂಡು ಹಿಂದಿ ಕೊಟ್ಟದ್ದು. ನಾಲಿಗೆ ಕಟ್ಟಿದರೆ ಮೈಯೂ ಕಟ್ಟಿಹೋಗುತ್ತದೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ಅಂಥ ದೊಡ್ಡ ಮನುಷ್ಯರೂ ನನ್ನದೇ ತಪ್ಪನ್ನು ಮಾಡಿದ್ದರು. ವ್ಯತ್ಯಾಸ ಇಷ್ಟೆ: ಅವರು ನಟರನ್ನು ಬಿಡಲಿಲ್ಲ, ಭಾಷೆಯನ್ನು ಬಿಟ್ಟರು. ನಾನು ಭಾಷೆಯನ್ನು ಹಿಡಿದುಕೊಂಡೆ, ಹುಡುಗನನ್ನು ಬಿಟ್ಟೆ.

1973ರಲ್ಲಿ ರಾಯಪುರದಲ್ಲಿ ನಾಚಾ ಕಲಾವಿದರನ್ನು ಸೇರಿಸಿ ಒಂದು ತಿಂಗಳ ಶಿಬಿರ ಮಾಡಿದರು. ಈ ಸಲ ಹೇಳಿಕೊಡಲು ಹೋಗಲಿಲ್ಲ. ನೀವು ಆಡಿ, ನಾನು ನೋಡುತ್ತೇನೆ ಎಂದರು. ನಟರು ತಮ್ಮ ಮಾತಿನಲ್ಲಿ, ತಮಗೆ ತೋಚಿದ ಕಡೆ ನಿಂತು ಆಡಿದರು. ಚೆನ್ನಾಗಿ ಬಂದದ್ದನ್ನು ಉಳಿಸಿಕೊಂಡು ಜೋಡಿಸಿದ್ದಷ್ಟೆ ನಿರ್ದೇಶಕನ ಕೆಲಸ. ಹಾಗೆ ಹುಟ್ಟಿದ್ದು 'ಗಾಂವ್ ಕಾ ನಾಮ್ ಸಸುರಾಲ್, ಮೋರ್ ನಾಮ್ ದಾಮಾದ್'. ಅದರ ಬೆನ್ನಿಗೆ 'ಚರಣದಾಸ್ ಚೋರ್'. ಮೊದಲು ಭಿಲಾಯಿಯಲ್ಲಿ 'ಚೋರ್ ಚೋರ್' ಎಂಬ ಚಿಕ್ಕ ಪ್ರಯೋಗವಾಗಿ ಆಡಿದ್ದು, 1975ರಲ್ಲಿ ಪೂರ್ಣ ನಾಟಕವಾಯಿತು. ಸತ್ಯವೇ ದೇವರು ಎನ್ನುವ, ಹೆಚ್ಚಾಗಿ ದಲಿತರೇ ಇರುವ ಸತ್ನಾಮಿ ಪಂಥದ ಪಂಥಿ ಹಾಡು ಕುಣಿತಗಳು ಅದರಲ್ಲಿ ಸೇರಿಕೊಂಡವು. ಅದೇ ವರ್ಷ ಶ್ಯಾಮ್ ಬೆನೆಗಲ್ ಇದೇ ನಟರನ್ನು ಹಾಕಿಕೊಂಡು, ಸ್ಮಿತಾ ಪಾಟೀಲರನ್ನು ಸೇರಿಸಿ, ಸಿನಿಮಾವನ್ನೂ ಮಾಡಿದರು.

1982ರಲ್ಲಿ ತಂಡ ಎಡಿನ್‌ಬರೋಗೆ ಹೋಯಿತು. ಅಲ್ಲಿನ ಫ್ರಿಂಜ್ ಉತ್ಸವದಲ್ಲಿ 'ದಿ ಸ್ಕಾಟ್ಸ್‌ಮನ್' ಪತ್ರಿಕೆ ಕೊಡುವ ಫ್ರಿಂಜ್ ಫಸ್ಟ್ ಪ್ರಶಸ್ತಿ ಚರಣದಾಸನಿಗೆ ಬಂತು. ಛತ್ತೀಸಗಢಿ ಒತ್ತಟ್ಟಿಗಿರಲಿ, ಹಿಂದಿಯೂ ಬಾರದ ಪ್ರೇಕ್ಷಕರ ನಡುವೆ! ದೆಹಲಿಯಲ್ಲಿ ನಾಗರಿಕ ಹಿಂದಿ ಆಡಿಸಿದಾಗ ಬಾರದ ಮೆಚ್ಚುಗೆ, ಮನೆಮಾತಿನಲ್ಲಿ ಆಡಿದಾಗ ಸ್ಕಾಟ್ಲೆಂಡಿನಲ್ಲಿ ಬಂತು. ಆಗ ಹಬೀಬರಿಗೆ ಐವತ್ತೆಂಟು. 'ಆಗ್ರಾ ಬಜಾರ್' ಆಗಿ ಇಪ್ಪತ್ತೆಂಟು ವರ್ಷ ಕಳೆದಿತ್ತು.

ಅದೇ 1982ರಲ್ಲಿ ಭೋಪಾಲದಲ್ಲಿ ಭಾರತ ಭವನ ಶುರುವಾಗಿ, ಅದರ ರಂಗಮಂಡಲವನ್ನು ಕಟ್ಟಲು ನಮ್ಮ ಬಂಟ್ವಾಳ ತಾಲೂಕಿನ ಮಂಚಿ ಬಾಬುಕೋಡಿಯಿಂದ ಹೊರಟ ಬಿ.ವಿ. ಕಾರಂತರು ಅಲ್ಲಿಗೆ ಹೋದರು. ಅವರೂ ಅಲ್ಲಿ ಬುಂದೇಲಿಯಂಥ ಪ್ರಾದೇಶಿಕ ನುಡಿಗಳಲ್ಲಿ ನಾಟಕ ಆಡಿಸಿದರು. ನಮ್ಮ ಊರಿನ ಮನುಷ್ಯನೊಬ್ಬ ದೂರದೂರಿನ ಹಳ್ಳಿಮಾತನ್ನು ವೇದಿಕೆಗೆ ತರುತ್ತಿದ್ದ ಕಾಲದ ಸಂಗತಿ ಓದುತ್ತಾ ಬೆಳೆದ ನಾನು, ನಮ್ಮ ಊರಿನ ಮಾತನ್ನೇ ವೇದಿಕೆಯಿಂದ ಇಳಿಸಿದ್ದೆ.

"ಹಾಗಾದರೆ ನಾನೂ ಇಪ್ಪತ್ತೆಂಟು ವರ್ಷ ಕಾಯಬೇಕಾ ಮಾಮ?" ಎಂದು ಹುಡುಗಿ ಕೇಳಿದಳು. ಈಗ ಅವಳಿಗೇ ಇಪ್ಪತ್ತೇಳು. ಆ ಮಾತು ನನ್ನನ್ನು ಚುಚ್ಚಿತು. ಯಾಕೆಂದರೆ ಅವಳ ಕಾಯುವಿಕೆಯಲ್ಲಿ ನನ್ನ ಪಾಲೂ ಇದೆ. ಪದವಿ ಮುಗಿಸಿ ಹೆಗ್ಗೋಡಿನ ನೀನಾಸಮ್‌ಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಗಲ್ಫಿನಲ್ಲಿದ್ದ ಅವಳ ಉಪ್ಪ ಫೋನಿನಲ್ಲಿ ಕೂಗಾಡಿದ್ದರು. "ಕಾಕಾ, ನೀವು ಹೇಳಿದರೆ ಕೇಳ್ತಾಳೆ" ಎಂದು ತಂಗಿ ಅತ್ತಿದ್ದಳು. ಹುಡುಗಿ ಮಾತ್ರ ನಾನು ಅವಳ ಪರವಾಗಿ ನಿಲ್ಲುತ್ತೇನೆಂದು ನಂಬಿದ್ದಳು. ಭೋಪಾಲದ ಕಥೆಯನ್ನು ಅವಳಿಗೆ ಚಿಕ್ಕಂದಿನಲ್ಲಿ ಹೇಳಿದವನೇ ನಾನಲ್ಲವೇ? ಆದರೆ ನಾನು ಹೇಳಿದ್ದು, "ಮೊದಲು ಬಿ.ಎಡ್. ಮಾಡು, ಆಮೇಲೆ ನೋಡುವಾ" ಎಂದು. ಅವಳು ಬಿ.ಎಡ್. ಮಾಡಲಿಲ್ಲ. ಹೆಗ್ಗೋಡಿಗೆ ಹೋದಳು. ಅವಳನ್ನು ಬಸ್ಸು ಹತ್ತಿಸಲು ಬಂದದ್ದು ನನ್ನ ಮಾವ ಒಬ್ಬರೇ. ಆಗ ಅವರಿಗೆ ಎಂಬತ್ತು ದಾಟಿತ್ತು. "ನಮಾಜು ಬಿಡಬೇಡ, ಸುಳ್ಳು ಹೇಳಬೇಡ" ಎಂದಷ್ಟೇ ಹೇಳಿದ್ದರಂತೆ.

ಅವಳಿಗೆ ಒಂದು ವಿಷಯವನ್ನು ಮುಚ್ಚಿಡಬಾರದು ಎನ್ನಿಸಿತು. ಪ್ರಶಸ್ತಿ ಬಂದ ಮೇಲೆ ಎಲ್ಲವೂ ಸರಿಯಾಗುತ್ತದೆ ಎಂದು ನಂಬಿಸುವುದು ತಪ್ಪು. ಹಬೀಬರಿಗೆ 1983ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ ಬಂದವು. ಆದರೆ 2003ರಲ್ಲಿ ಮಧ್ಯಪ್ರದೇಶದ ಹಲವು ಊರುಗಳಲ್ಲಿ ಅವರ ನಾಟಕಕ್ಕೆ ಗುಂಪು ನುಗ್ಗಿ ದಾಂಧಲೆ ಮಾಡಿತು. ಅಸ್ಪೃಶ್ಯತೆಯನ್ನು ಗೇಲಿ ಮಾಡುವ 'ಪೋಂಗಾ ಪಂಡಿತ್' ಎಂಬ ಆ ಪ್ರಹಸನವನ್ನು ಹಬೀಬ್ ಬರೆದದ್ದೇ ಅಲ್ಲ. ಛತ್ತೀಸಗಢದ ಹಳ್ಳಿಯ ಹಿಂದೂ ಕಲಾವಿದರು ಎಷ್ಟೋ ದಶಕಗಳಿಂದ ಆಡಿಕೊಂಡು ಬಂದದ್ದು. ಅದನ್ನು ಆಡಿಸುವವನ ಹೆಸರು ಹಬೀಬ್ ಎಂದಾಗ ಮಾತ್ರ ಅದು ಅಪರಾಧವಾಯಿತು. ಅದೇ ತಿರುಗಾಟದಲ್ಲಿ ಅವರು ಅಸ್ಗರ್ ವಜಾಹತ್ ಬರೆದ ಲಾಹೋರಿನ ನಾಟಕವನ್ನೂ ಆಡಿಸುತ್ತಿದ್ದರು. ವಿಭಜನೆಯ ಹೊತ್ತಿನಲ್ಲಿ ಒಂಟಿ ಹಿಂದೂ ಮುದುಕಿಯ ಪರ ನಿಂತ ಮೌಲವಿಯನ್ನು ಮುಸ್ಲಿಂ ಪುಂಡರೇ ಕೊಲ್ಲುವ ಕಥೆ ಅದು. ಅದು ಗದ್ದಲ ಮಾಡಿದವರ ಕಣ್ಣಿಗೆ ಬೀಳಲಿಲ್ಲ. ಎರಡೂ ಕಡೆಯ ಕೇಡನ್ನು ಒಂದೇ ಗಂಟಲಲ್ಲಿ ಹೇಳುವವರಿಗೆ ಎರಡೂ ಕಡೆ ಜಾಗ ಇಕ್ಕಟ್ಟೇ. ನಮ್ಮ ಕರಾವಳಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2009ರ ಜೂನ್ 8ರಂದು ಹಬೀಬ್ ಭೋಪಾಲದಲ್ಲಿ ತೀರಿಕೊಂಡರು. ಎರಡು ತಿಂಗಳೊಳಗೆ ಛತ್ತೀಸಗಢ ಸರ್ಕಾರ, ಸತ್ನಾಮಿ ಸಮುದಾಯದ ಕೆಲವರ ಆಕ್ಷೇಪದ ಮೇಲೆ, 'ಚರಣದಾಸ್ ಚೋರ್' ಪುಸ್ತಕವನ್ನು ನಿಷೇಧಿಸಿತು. ಲೋಕವೆಲ್ಲ ಮೆಚ್ಚಿದ ನಾಟಕಕ್ಕೆ ತನ್ನ ಮನೆಯಲ್ಲೇ ಬಾಗಿಲು ಮುಚ್ಚಿತು. ಚರಣದಾಸನ ಪಾತ್ರವನ್ನು ವರ್ಷಗಟ್ಟಲೆ ಆಡಿದ ಗೋವಿಂದರಾಮ್ ನಿರ್ಮಲ್ಕರ್ ಅವರಿಗೂ 2009ರಲ್ಲೇ ಪದ್ಮಶ್ರೀ ಬಂತು. 2014ರಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳು ಕಾಯಿಲೆಯಲ್ಲಿ, ಬಡತನದಲ್ಲಿ ಕಳೆದವು. ಚಿನ್ನದ ತಟ್ಟೆ ಬೇಡ ಎಂದವನ ಪಾತ್ರ ಮಾಡಿದವರಿಗೆ ಹಿತ್ತಾಳೆಯ ತಟ್ಟೆಯೂ ನೆಟ್ಟಗೆ ಸಿಗಲಿಲ್ಲ.

ಇದನ್ನೆಲ್ಲ ಕೇಳಿ ಹುಡುಗಿ ಬೆದರುತ್ತಾಳೆ ಎಂದುಕೊಂಡಿದ್ದೆ. ಅವಳು, "ನನ್ನ ಆರು ಮಂದಿಗೆ ಒಂದು ಪ್ರದರ್ಶನಕ್ಕೆ ಎಷ್ಟು ಕೊಡಬೇಕು ಮಾಮ? ಒಂದು ದಿನ ನಾಟಕಕ್ಕೆ ಬಂದರೆ ಸಾವಿರ ಬೀಡಿಯ ಮಜೂರಿ ಹೋಗುತ್ತದೆ. ಅಷ್ಟಾದರೂ ಕೊಡಬೇಕಲ್ಲ" ಎಂದಳು. ಪ್ರಶಸ್ತಿಯ ಮಾತಿನಿಂದ ಕೂಲಿಯ ಮಾತಿಗೆ ಅವಳು ತಾನಾಗಿಯೇ ಬಂದಿದ್ದಳು. ಮಾತು ತಿದ್ದಿಕೊಡಿ ಎಂದು ಆಮೇಲೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಟ್ರಾಲಿಂಗ್ ನಿಷೇಧ ಮುಗಿದು ಬಂಗುಡೆ ಬರತೊಡಗಿದ ವಾರ ಅದು. ಪೇಟೆಯ ಮೀನು ಮಾರ್ಕೆಟ್ಟಿಗೆ ಹೋದೆ. ಆ ಹುಡುಗ ಅಲ್ಲೇ ಕೂರುವುದು. ಈಗ ಅವನಿಗೆ ನಲವತ್ತು ದಾಟಿದೆ, ಗಡ್ಡದಲ್ಲಿ ಬಿಳಿ ಬಂದಿದೆ. ಎಷ್ಟೋ ವರ್ಷಗಳಿಂದ ಅವನ ಹತ್ತಿರವೇ ಮೀನು ಕೊಳ್ಳುತ್ತಿದ್ದೇನೆ, ಅವನು ಯಾವಾಗಲೂ ಒಂದೆರಡು ಹೆಚ್ಚೇ ಹಾಕುತ್ತಾನೆ. ಆದರೆ ನಾಟಕದ ವಿಷಯ ನಮ್ಮ ನಡುವೆ ಒಮ್ಮೆಯೂ ಬಂದಿರಲಿಲ್ಲ. ಅವತ್ತು ನಾನೇ ತೆಗೆದೆ. "ಆ ನಾಟಕದಲ್ಲಿ ನಿನ್ನನ್ನು ತೆಗೆದದ್ದು ನನ್ನ ತಪ್ಪು ಮಾರಾಯ" ಎಂದೆ.

ಅವನು ತಕ್ಕಡಿಯಿಂದ ಕಣ್ಣೆತ್ತಿ ನೋಡಿ ನಕ್ಕ. "ಅಯ್ಯೋ ಬಿಡಿ ಸರ್, ಅದೆಲ್ಲ ಯಾವ ಕಾಲದ್ದು" ಎಂದ. ಮೀನು ಕವರಿಗೆ ತುಂಬಿ ಕೊಡುತ್ತಾ, "ಆದರೆ ಒಂದು ಹೇಳ್ತೇನೆ ಸರ್. ಪರದೆಯ ಹಿಂದೆ ನಿಂತೂ ನಿಂತೂ ಎಲ್ಲರ ಮಾತೂ ನನಗೆ ಬಾಯಿಪಾಠ ಆಗಿತ್ತು. ಯಾರಿಗಾದರೂ ಜ್ವರ ಬಂದರೆ ನೀವು ಕರೀತೀರಿ ಅಂತ ಕಾದಿದ್ದೆ" ಎಂದ.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಹಿಂದೆ ಗಿರಾಕಿಗಳು ನಿಂತಿದ್ದರು. ದುಡ್ಡು ಕೊಟ್ಟು ಬಂದೆ.

ಬೀಡಿಯ ನಾಟಕ ಮುಂದಿನ ತಿಂಗಳು ಮತ್ತೆ ಇದೆ. ಈ ಸಲ ಸ್ಪರ್ಧೆಯಲ್ಲಲ್ಲ, ಬೀಡಿ ಬ್ರಾಂಚಿನ ಪಕ್ಕದ ಅಂಗಳದಲ್ಲಿ, ಲೆಕ್ಕ ಕೊಡಲು ಹೆಂಗಸರೆಲ್ಲ ಬರುವ ಶನಿವಾರ ಸಂಜೆ. ಆರು ಮಂದಿಯಲ್ಲಿ ಒಬ್ಬಳ ಅತ್ತೆ ಇನ್ನೂ ಒಪ್ಪಿಲ್ಲ. ಅವರ ಹತ್ತಿರ ಮಾತನಾಡಲು ಹುಡುಗಿ ನನ್ನನ್ನು ಕರೆದಿದ್ದಾಳೆ, ಈ ಸಲ ಬಿ.ಎಡ್. ವಿಷಯ ತೆಗೆಯುವುದಿಲ್ಲ ಎಂದು ಒಪ್ಪಿಕೊಂಡು ಹೊರಟಿದ್ದೇನೆ. ತಾಲೀಮಿಗೂ ಒಂದು ದಿನ ಹೋಗಿದ್ದೆ. ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಎಂಬುದನ್ನು ಹೆಂಗಸರೇ ಮಾತಾಡಿಕೊಂಡು ತೀರ್ಮಾನಿಸುತ್ತಿದ್ದರು. ಇವಳು ಗೋಡೆಗೆ ಒರಗಿ ನೋಡುತ್ತಾ ಕೂತಿದ್ದಳು. ಅವರ ಮಾತಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹೊರಡುವಾಗ, "ಪರದೆ ಎಳೆಯಲು ಜನ ಬೇಕಿದ್ದರೆ ಹೇಳು, ನಾನು ಬರುತ್ತೇನೆ" ಎಂದೆ.

"ಅಂಗಳದಲ್ಲಿ ಎಂತ ಪರದೆ ಮಾಮ? ನೀವು ಎದುರಿನಲ್ಲಿ ಕೂತು ನೋಡಿ, ಸಾಕು" ಎಂದಳು. ಆ ಮೀನಿನವನಿಗೂ ಬರಲು ಹೇಳಿದ್ದೇನೆ.